ನಾಯಿನ ಊರಿಗೆ ಕಳಿಸಬೇಡಿ

ನಮ್ಮನೆ ನಾಯಿ ಬೊಗಳದೇ ಬಿಟ್ಟ ವಸ್ತು ಲೋಕದಲ್ಲಿ ಏನಾದರೂ ಇದ್ದರೆ ಅದು ಇನ್ನೂ ನಮ್ಮ ಬೀದಿಗೆ ಬಂದಿಲ್ಲ ಅಂತ ಅರ್ಥ. ಕಾಲಿಂಗ್ ಬೆಲ್ಲಿಗೆ ಬೊಗಳುತ್ತಾಳೆ. ಧಾರಾವಾಹಿಯೊಳಗೆ ಯಾರೋ ಒತ್ತಿದ ಕಾಲಿಂಗ್ ಬೆಲ್ಲಿಗೂ ಬೊಗಳುತ್ತಾಳೆ. ಕುಕ್ಕರಿನ ಮೂರನೇ ಕೂಗಿಗೆ ಬೊಗಳುತ್ತಾಳೆ, ಮೊದಲೆರಡಕ್ಕೆ ಯಾಕೋ ಮಾಫಿ. ಒಣಗಲು ಹಾಕಿದ ಪಂಚೆಗೆ, ಡೆಲಿವರಿ ಹುಡುಗನಿಗೆ, ಹೆಲ್ಮೆಟ್ ಹಾಕಿಕೊಂಡ ನನಗೆ, ಹೆಲ್ಮೆಟ್ ತೆಗೆದ ಮೇಲೆ ‘ಅಯ್ಯೋ ನೀನಾ’ ಅಂತ ಮತ್ತೆ ನನಗೇ. ಗಣೇಶನನ್ನು ಬಿಟ್ಟು ಬಂದ ಮಾರನೇ ದಿನ ಮೂಲೆ ಖಾಲಿಯಾಗಿದ್ದು ನೋಡಿ, ಅಲ್ಲಿ ಏನೂ ಇಲ್ಲ ಅನ್ನೋದಕ್ಕೇ ಅರ್ಧ ಗಂಟೆ ಬೊಗಳಿದ್ದಳು.

ಹೆಸರು ಬೆಲ್ಲ. ಬೀಗಲ್ ಜಾತಿ. ಬೆನ್ನ ಮೇಲಿನ ಮಚ್ಚೆ ನಮ್ಮೂರ ಆಲೆಮನೆಯ ಅಚ್ಚುಬೆಲ್ಲದ ಬಣ್ಣ, ಅದಕ್ಕೇ ಆ ಹೆಸರು. ಜ್ವರ ಬಂದು ಮಲಗಿದರೆ ಕಾಲ ಹತ್ತಿರ ಬಂದು, ಒಂದು ನಿಟ್ಟುಸಿರು ಬಿಟ್ಟು, ಇಡೀ ಮೈಭಾರ ನನ್ನ ಮೇಲೆ ಹಾಕಿ ಮಲಗುತ್ತಾಳೆ. ಇಂಥ ನಾಯಿಯ ಮೇಲೆ ಸಿಟ್ಟು ಮಾಡಿಕೊಳ್ಳೋದು ಕಷ್ಟ. ಮಾಡಿಕೊಂಡಿದ್ದೇನೆ, ಅದು ಬೇರೆ ವಿಷಯ.

ನನ್ನ ಜಗಳ ಅವಳ ಜೊತೆ ಅಲ್ಲ, ಒಂದು ವಾಕ್ಯದ ಜೊತೆ. ಆಫೀಸಿನ ಊಟದ ಟೇಬಲ್ಲಿನಲ್ಲಿ ನೀವು ಅದನ್ನು ಕೇಳಿರುತ್ತೀರಿ, ಆಡಿಯೂ ಇರಬಹುದು. “ನಾಯೀನಾ? ಊರಿಗೆ ಬಿಟ್ಟು ಬಂದ್ವಪ್ಪ. ತುಂಬಾ ಬೊಗಳ್ತಿತ್ತು. ಪಾಪ, ಫ್ಲ್ಯಾಟಲ್ಲಿ ಅದಕ್ಕೂ ಹಿಂಸೆ. ಊರಲ್ಲಾದ್ರೆ ಜಾಗ ಇದೆ, ಆರಾಮಾಗಿ ಓಡಾಡ್ಕೊಂಡಿರುತ್ತೆ.” ಸುತ್ತ ಕೂತವರು ತಲೆಯಾಡಿಸುತ್ತಾರೆ. ಮಾತು ಅಪ್ರೈಸಲ್ ಕಡೆ ತಿರುಗುತ್ತದೆ. ನಾಯಿಯ ಕತೆ ಅಲ್ಲಿಗೆ ಮುಗಿಯುತ್ತದೆ.

ಮುಗಿಯೋದಿಲ್ಲ. ನಾನು ಈ ವಾಕ್ಯವನ್ನು ಒಂದೇ ವರ್ಷದಲ್ಲಿ ಮೂರು ಸಲ ಹೇಳಿದ್ದೇನೆ. ಮೂರು ಸಲವೂ ಅದು ಸುಳ್ಳಾಗಿತ್ತು. ಮಂಡ್ಯ ಜಿಲ್ಲೆಯಲ್ಲಿ ನನ್ನ ನೆಂಟರು ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೂ ಹರಡಿಕೊಂಡಿದ್ದಾರೆ. ಹಾಗಾಗಿ ವರ್ಗಾವಣೆ ಕಾಟಕ್ಕೆ ಸಿಕ್ಕ ತಹಸೀಲ್ದಾರರ ಹಾಗೆ ನಮ್ಮ ಬೆಲ್ಲ ನಾಲ್ಕು ತಾಲ್ಲೂಕು ನೋಡಿದಳು.

ಶುರುವಾಗಿದ್ದು ಕೆಳಗಿನ ಮನೆಯಿಂದ. ಅಲ್ಲಿರುವವರು ನರ್ಸ್, ತಿಂಗಳಲ್ಲಿ ಅರ್ಧ ದಿನ ನೈಟ್ ಶಿಫ್ಟ್. ಮೊದಲ ಸಲ ಲಿಫ್ಟಿನಲ್ಲಿ ಹೇಳಿದರು, “ಸರ್, ನಾನು ಮಲಗೋದೇ ಬೆಳಗ್ಗೆ ಎಂಟಕ್ಕೆ.” ಎರಡನೇ ಸಲ ಬಾಗಿಲಿಗೆ ಬಂದು ಹೇಳಿದರು. ಕಣ್ಣು ಕೆಂಪಗಿತ್ತು. ಮೂರನೇ ಸಲ ಅಸೋಸಿಯೇಷನ್ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರು. ಆಗ ನಾನೇನು ಮಾಡಿದೆ ಗೊತ್ತಾ? ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಒಂದು ತುಣುಕು ಹುಡುಕಿ ಹಾಕಿದೆ. ಬೊಗಳುವುದು ನಾಯಿಯ ಸಹಜ ಅಭಿವ್ಯಕ್ತಿ, ಅಕ್ಕಪಕ್ಕದವರು ಸಹಿಸಿಕೊಳ್ಳಬೇಕು ಅನ್ನುವ ತುಣುಕು. ಗ್ರೂಪಿನ ನಾಯಿಪ್ರಿಯರೆಲ್ಲ ಕೆಂಪು ಹೃದಯ ಒತ್ತಿದರು. ನರ್ಸ್ ಏನೂ ಬರೆಯಲಿಲ್ಲ.

ಅದೇ ಮಾರ್ಗಸೂಚಿಯ ಮುಂದಿನ ವಾಕ್ಯವನ್ನು ನಾನು ಕತ್ತರಿಸಿದ್ದೆ. ಎಡೆಬಿಡದ ಬೊಗಳಾಟದಿಂದ ನೆರೆಹೊರೆಯವರಿಗೆ ತೊಂದರೆ ಆಗುತ್ತೆ, ನಾಯಿಯನ್ನು ಸುಮ್ಮನಿರಿಸಲು, ಅದರಲ್ಲೂ ರಾತ್ರಿ ಹೊತ್ತು, ಸಾಕಿದವರು ಎಲ್ಲ ಪ್ರಯತ್ನ ಮಾಡಬೇಕು ಅಂತ ಅಲ್ಲೇ ಇದೆ. ನಾಯಿ ಸಾಕುವ ಬಹಳ ಜನ ಈ ಕಾಗದವನ್ನು ನನ್ನ ಹಾಗೇ ಅರ್ಧಕ್ಕೆ ಓದುತ್ತಾರೆ. ಆ ಹೆಣ್ಣುಮಗಳು ಹೇಳಿದ್ದು ಪೂರ್ತಿ ಸರಿ ಇತ್ತು. ರಾತ್ರಿಯಿಡೀ ಬೇರೆಯವರ ಅಪ್ಪ ಅಮ್ಮನ ಡ್ರಿಪ್ ನೋಡಿ ಬಂದವರಿಗೆ ಹಗಲು ನಿದ್ದೆ ಬೇಡವಾ?

ಹಾಗಂತ ಏನೂ ಮಾಡಲಿಲ್ಲ ಅಂತಲ್ಲ. ಕೂಗಿದೆ. ನಾನು ಕೂಗಿದಷ್ಟೂ ಅವಳು ಜೋರು ಮಾಡಿದಳು. ಯಜಮಾನನೂ ಜೊತೆಗೆ ಬೊಗಳುತ್ತಿದ್ದಾನೆ ಅಂದರೆ ಹೊರಗೆ ನಿಜವಾಗಿಯೂ ಏನೋ ಇದೆ ಅಂತ ಅವಳ ಲೆಕ್ಕ. ಆನ್‌ಲೈನಿನಲ್ಲಿ ಒಂದು ಶಾಕ್ ಕಾಲರ್ ತರಿಸಿದೆ. ಹೆಂಡತಿ ಅದನ್ನು ಮೊದಲು ತನ್ನ ಮುಂಗೈಗೆ ಕಟ್ಟಿಕೊಂಡು ಬಟನ್ ಒತ್ತಿ, ಬಿಚ್ಚಿ, ಏನೂ ಮಾತಾಡದೆ ಕಸದ ಬುಟ್ಟಿಗೆ ಹಾಕಿದಳು. ಆಪರೇಷನ್ ಮಾಡಿಸಿ ಗಂಟಲೇ ಇಲ್ಲದಂತೆ ಮಾಡಬಹುದು ಅಂತಲೂ ಒಬ್ಬರು ಸಲಹೆ ಕೊಟ್ಟರು. ಸಾಕುಪ್ರಾಣಿಗಳ ರಕ್ಷಣೆಗೆ 1987ರಲ್ಲಿ ಯುರೋಪಿನ ದೇಶಗಳು ಮಾಡಿಕೊಂಡ ಒಪ್ಪಂದ ಬೇಡ ಅಂದಿದ್ದು ಇಂಥದ್ದನ್ನೇ. ಆಮೇಲೆ ಸುಲಭದ ದಾರಿ ಹೊಳೆಯಿತು. ಊರು.

ಮೊದಲು ಶ್ರೀರಂಗಪಟ್ಟಣ, ಅಕ್ಕನ ಮನೆ. ಕೋಟೆಯೊಳಗೆ. ನಾವು ಊರು ಅಂದಕೂಡಲೇ ಹಸಿರು, ಮೌನ, ಹಕ್ಕಿ ಅಂದುಕೊಳ್ಳುತ್ತೇವಲ್ಲ, ಶ್ರೀರಂಗಪಟ್ಟಣಕ್ಕೆ ಬಂದು ಮೂರು ದಿನ ಇರಿ. ಬೆಂಗಳೂರು–ಮೈಸೂರು ರೈಲು ಕೋಟೆ ಸೀಳಿಕೊಂಡು ಹೋಗುತ್ತದೆ. ರಂಗನಾಥನ ದರ್ಶನಕ್ಕೆ ಬಂದ ಬಸ್ಸುಗಳು, ಟಿಪ್ಪು ಸತ್ತ ಜಾಗ ಎಲ್ಲಿ ಅಂತ ದಾರಿ ಕೇಳುವವರು, ಭಾನುವಾರದ ಬೈಕು. ಬೆಲ್ಲಳ ಪಾಲಿಗೆ ಅದೊಂದು ಮುಗಿಯದ ಡ್ಯೂಟಿ. ಇವೆಲ್ಲ ಹೇಗೋ ಆಗುತ್ತಿತ್ತು. ಆದರೆ ಪಶ್ಚಿಮವಾಹಿನಿಗೂ ಸಂಗಮಕ್ಕೂ ಅಸ್ಥಿ ಬಿಡಲು ಜನ ಬರುತ್ತಾರೆ. ಒದ್ದೆ ಬಟ್ಟೆ, ಬೋಳಿಸಿದ ತಲೆ, ಅತ್ತು ಸುಸ್ತಾದ ಮುಖ. ನೀರು ಕೇಳಿಕೊಂಡು ಗೇಟಿನ ಹತ್ತಿರ ಬಂದ ಅಂಥ ಒಬ್ಬರ ಮೇಲೆ ಬೆಲ್ಲ ಎಗರಿ ಎಗರಿ ಬೊಗಳಿದಳಂತೆ. ಅಕ್ಕ ಫೋನ್ ಮಾಡಿದಳು. “ನಾಯಿ ಮೇಲೆ ನಂಗೇನೂ ಕೋಪ ಇಲ್ಲ ತಮ್ಮ. ಆದ್ರೆ ತಂದೆ ಬೂದಿ ಬಿಟ್ಟು ಬಂದೋರ ಮೇಲೆ ಹಿಂಗೆ ಬಿದ್ರೆ ನಾನು ಮುಖ ಎಲ್ಲಿಟ್ಕೊಳ್ಳಲಿ?”

ಮೂರು ವಾರ. 2017ರಲ್ಲಿ ಜೋಡಿ ಹಳಿ ಹಾಕಲು ಟಿಪ್ಪುವಿನ ಕಾಲದ ಮದ್ದಿನ ಮನೆಯನ್ನು ಬುಡಸಮೇತ ಎತ್ತಿ ಅದೇ ಊರಲ್ಲಿ ಇನ್ನೊಂದು ಕಡೆ ಕೂರಿಸಿದರು. ಅಷ್ಟು ದೊಡ್ಡ ಕಟ್ಟಡಕ್ಕೆ ಬೇರೆ ಜಾಗ ಸಿಕ್ಕಿತು, ಹತ್ತು ಕೆಜಿ ನಾಯಿಗೆ ಸಿಗಲಿಲ್ಲ.

ಆಮೇಲೆ ಕೆ.ಆರ್. ಪೇಟೆ ತಾಲ್ಲೂಕು, ಸೋದರಮಾವನ ತೋಟದ ಮನೆ. ತೆಂಗು, ಕಬ್ಬು, ಹೇಮಾವತಿ ನಾಲೆ ನೀರು. ಇದು ನಿಜವಾದ ‘ಜಾಗ’. ಪಕ್ಕದ ಮನೆ ಅಂದರೆ ಅರ್ಧ ಮೈಲಿ. ಮಾವ ಖುಷಿಯಿಂದಲೇ ಒಪ್ಪಿದ್ದ. “ನೀನೇನೂ ಯೋಚ್ನೆ ಮಾಡ್ಬ್ಯಾಡ ಅಳಿಯ, ಬೊಗಳೋ ನಾಯೇ ಬೇಕಾಗಿರೋದು ನಂಗೆ.” ಓಡಾಡಿಕೊಂಡಿರುತ್ತೆ ಅಂತ ನಾನು ಹೆಂಡತಿಗೆ ಹೇಳಿದೆ. ಮೊದಲ ದಿನವೇ ಬೆಲ್ಲ ಮೊಲದ ಜಾಡು ಹಿಡಿದು ಕಬ್ಬಿನ ಗದ್ದೆಯೊಳಗೆ ನುಗ್ಗಿ ಸಂಜೆಯವರೆಗೆ ಸಿಕ್ಕಿಲ್ಲ. ಬೀಗಲ್ ಇರೋದೇ ಅದಕ್ಕೆ. ಇಂಗ್ಲೆಂಡಿನಲ್ಲಿ ಮೊಲದ ಬೇಟೆಗೆ ಅಂತಲೇ ಬೆಳೆಸಿದ ತಳಿ. ನಾಯಿಗಳ ಹಿಂಡು ಮುಂದೆ ಓಡಬೇಕು, ಬೇಟೆಗಾರರು ಹಿಂದೆ ನಡೆದು ಬರಬೇಕು. ನಾಯಿ ಎಲ್ಲಿದೆ ಅಂತ ಕೇಳಿಸಬೇಕಲ್ಲ, ಅದಕ್ಕೆ ಗಂಟಲು ಗಟ್ಟಿ ಇರುವುದನ್ನೇ ತಲೆಮಾರುಗಟ್ಟಲೆ ಆರಿಸಿ ಆರಿಸಿ ಮರಿ ಮಾಡಿಸಿದರು. ನಾವು ಇನ್‌ಸ್ಟಾಗ್ರಾಮಿನಲ್ಲಿ ಮುಖ ನೋಡಿ ಕೊಂಡೆವು. ಗಂಟಲು ಅದರ ಜೊತೆಗೇ ಬಂತು. ಬಂದಮೇಲೆ ಅದಕ್ಕೆ ‘ಬಿಹೇವಿಯರ್ ಪ್ರಾಬ್ಲಂ’ ಅಂತ ಹೆಸರಿಟ್ಟೆವು.

ಎರಡನೇ ದಿನ ಮಾವ ಸರಪಳಿ ಹಾಕಿದ. ಅವನದು ತಪ್ಪು ಅನ್ನಲಾರೆ, ಅವನಿಗೆ ನೂರೆಂಟು ಕೆಲಸ. ದನದ ಕೊಟ್ಟಿಗೆಯ ಕಂಬಕ್ಕೆ ಆರಡಿ ಸರಪಳಿ. ನನ್ನ ಫ್ಲ್ಯಾಟಿನ ಹಾಲ್ ಅದಕ್ಕಿಂತ ದೊಡ್ಡದು. ‘ಊರಲ್ಲಿ ಜಾಗ ಇದೆ’ ಅನ್ನುವ ಮಾತು ಅಲ್ಲೇ ಸತ್ತುಹೋಗಬೇಕಿತ್ತು. ಎಕರೆಗಟ್ಟಲೆ ಜಾಗ ಇರುವುದು ಕಬ್ಬಿಗೆ, ನಾಯಿಗೆ ಇರುವುದು ಕಂಬದ ಸುತ್ತ ಆರಡಿ.

ರಾತ್ರಿ ಬೊಗಳುತ್ತಿದ್ದಳು. ತೋಟದ ಮನೆಯಲ್ಲಿ ರಾತ್ರಿ ಬೊಗಳಲು ಸಾವಿರ ಕಾರಣ. ಈ ಸೀಮೆಯಲ್ಲಿ ಕಬ್ಬಿನ ಗದ್ದೆಯೇ ಚಿರತೆಗೆ ಮನೆ. ಕಲ್ಲುಗುಡ್ಡದಿಂದ ಇಳಿದು, ಕಬ್ಬಿನಲ್ಲಿ ಮರಿ ಹಾಕಿ, ಕೊಯ್ಲಿನ ಹೊತ್ತಿಗೆ ಕೂಲಿಯವರ ಕಣ್ಣಿಗೆ ಬೀಳುತ್ತದೆ. 2022ರಲ್ಲಿ ಕೆಆರ್‌ಎಸ್‌ನ ಬೃಂದಾವನದಲ್ಲೇ ಚಿರತೆ ಕಾಣಿಸಿಕೊಂಡು ವಾರಗಟ್ಟಲೆ ಪ್ರವಾಸಿಗರನ್ನು ಒಳಗೆ ಬಿಟ್ಟಿರಲಿಲ್ಲ. ಊರ ಹತ್ತಿರದ ಚಿರತೆಗೆ ನಾಯಿಯೇ ಮುಖ್ಯ ಊಟ. ಮಹಾರಾಷ್ಟ್ರದ ಅಕೋಲೆ ಕಡೆ ವಿದ್ಯಾ ಆತ್ರೇಯ ಮತ್ತು ಜೊತೆಗಾರರು ಚಿರತೆಯ ಹಿಕ್ಕೆ ಪರೀಕ್ಷಿಸಿದಾಗ ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ನಾಯಿಯ ಕುರುಹು. ನಮ್ಮ ಮಾವನಿಗೆ ಇದನ್ನು ಯಾರೂ ಸಂಶೋಧನೆ ಮಾಡಿ ಹೇಳಬೇಕಾಗಿರಲಿಲ್ಲ. ಹೇಳಬೇಕಾಗಿದ್ದು ನನಗೆ, ನಾನು ಕೇಳಿರಲಿಲ್ಲ.

ಒಂದು ಬೆಳಗ್ಗೆ ಮಾವ ಫೋನ್ ಮಾಡಿದ. ರಾತ್ರಿ ಬೆಲ್ಲ ಬೊಗಳೋದು ಇದ್ದಕ್ಕಿದ್ದಂತೆ ಬೇರೆ ಥರ ಆಯಿತಂತೆ. ಲೈಟು ಹಾಕಿ, ತಟ್ಟೆ ಬಡಿದುಕೊಂಡು ಹೊರಗೆ ಬಂದಿದ್ದಾನೆ. ಬೆಲ್ಲ ಸರಪಳಿ ಸುತ್ತಿಕೊಂಡು ಕಲ್ಲುಚಪ್ಪಡಿಯ ಕೆಳಗೆ ತೂರಿಕೊಂಡಿದ್ದಳು. ಸರಪಳಿ ಇಲ್ಲದೆ ಅಂಗಳದಲ್ಲಿ ಮಲಗುತ್ತಿದ್ದ ಮಾವನ ಸ್ವಂತ ನಾಯಿ, ಎಂಟು ವರ್ಷದ ಕಂತ್ರಿ, ಇರಲಿಲ್ಲ. ಅದು ಮುಂದೆ ಹೋಗಿರಬೇಕು. ಕಬ್ಬಿನ ಬದುವಿನಲ್ಲಿ ಎಳೆದ ಗುರುತು ಇತ್ತು. “ಕಟ್ಟಾಕಿರೋ ನಾಯಿ ರಾತ್ರಿಯೆಲ್ಲ ಬೊಗುಳ್ತಿದ್ರೆ ಚಿರ್ತೆನ ಊಟಕ್ ಕರ್ದಂಗೆ ಕಣ್ಲಾ. ಇದ್ನ ತಕೊಂಡೋಗು.” ಅಷ್ಟೇ ಹೇಳಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಮೀಟಿಂಗಿಗೆ ತೊಂದರೆ ಕೊಡುತ್ತಿದ್ದ ನಾಯಿಯನ್ನು ನಾನು ಕಳಿಸಿದೆ, ಅವನ ನಾಯಿ ಸತ್ತಿತು. ಅದಕ್ಕೆ ಹೆಸರು ಕೂಡ ಇಟ್ಟಿರಲಿಲ್ಲ, ‘ನಾಯಿ’ ಅಂತಲೇ ಕರೆಯುತ್ತಿದ್ದರು.

ಅಲ್ಲಿಗಾದರೂ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಚಿಕ್ಕಪ್ಪನ ಮಗನಿಗೆ ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸ್ ಹತ್ತಿರ ಸಿಮೆಂಟು, ಕಬ್ಬಿಣದ ಅಂಗಡಿ, ಹಿಂದೆ ಗೋಡೌನು. ಆದಿಚುಂಚನಗಿರಿಯ ಒಕ್ಕಲು. ಅವನು ಹೇಳಿದ್ದು ಇವತ್ತಿಗೂ ನೆನಪಿದೆ. “ಕಾಲಭೈರವನ ವಾಹನ ಕಣಣ್ಣ, ಬ್ಯಾಡ ಅನ್ನಕಾಯ್ತದಾ?” ಮನೆದೇವರ ವಾಹನಕ್ಕೆ ಯಾರು ಏನು ಮಾಡುತ್ತಾರೆ ಅಂತ ನಾನೂ ನೆಮ್ಮದಿಯಾದೆ. ಬೆಟ್ಟದ ಮೇಲೆ ಭೈರವನಿಗೆ ಕೈ ಮುಗಿದು, ಲಸಿಕೆ ಚೀಟಿ ಮತ್ತು ಎರಡು ಚೀಲ ಫುಡ್ಡು ಕೊಟ್ಟು ಬಂದೆ.

ಐದು ವಾರ ಬಿಟ್ಟು ಹೋದೆ. ಗೋಡೌನಿನ ಷಟರ್ ಎತ್ತಿದರು. ಒಳಗೆ ಕತ್ತಲೆ, ಸಿಮೆಂಟಿನ ಧೂಳು. ಬೆಲ್ಲ ನನ್ನನ್ನು ನೋಡಿದಳು. ಬಾಲ ಅಲ್ಲಾಡಿತು. ಕತ್ತು ಮೇಲೆದ್ದಿತು, ಬಾಯಿ ತೆರೆಯಿತು, ಪಕ್ಕೆ ಒಳಗೆ ಹೋಗಿ ಹೊರಗೆ ಬಂತು. ಶಬ್ದ ಮಾತ್ರ ಬರಲಿಲ್ಲ. ಮತ್ತೆ ಬಾಯಿ ತೆರೆದಳು. ಹಳೇ ಬಾಗಿಲು ಕಿರುಗುಟ್ಟಿದ ಹಾಗೆ ಸಣ್ಣದಾಗಿ ಗಾಳಿ ಬಂತು. ಷಟರಿನ ಹಿಂದೆ ಹಗಲೂ ರಾತ್ರಿ ಲಾರಿಗಳ ಸದ್ದಿಗೆ ಬೊಗಳಿ ಬೊಗಳಿ ಗಂಟಲು ಕಟ್ಟಿಹೋಗಿತ್ತು.

ಇದನ್ನು ಬರೆಯೋಕೆ ನಾಚಿಕೆಯಾಗುತ್ತೆ, ಆದರೆ ಬರೆಯದಿದ್ದರೆ ಈ ಲೇಖನಕ್ಕೆ ಅರ್ಥ ಇಲ್ಲ. ಆ ಕ್ಷಣ ನನ್ನ ತಲೆಗೆ ಮೊದಲು ಬಂದಿದ್ದು, ‘ಅರೆ, ಈಗ ಬೆಂಗಳೂರಿಗೆ ವಾಪಸ್ ಕರ್ಕೊಂಡು ಹೋಗಬಹುದು, ಬೊಗಳಲ್ಲ’ ಅಂತ. ಒಂದು ಕ್ಷಣ. ಆಮೇಲೆ ಅಲ್ಲೇ ಸಿಮೆಂಟು ಮೂಟೆ ಮೇಲೆ ಕೂತುಬಿಟ್ಟೆ.

ಚಿಕ್ಕಪ್ಪನ ಮಗನನ್ನು ಬೈಯಲು ನನಗೆ ಬಾಯಿಲ್ಲ. ಪ್ರಾಣಿ ಹಿಂಸೆ ತಡೆಯುವ 1960ರ ಕಾಯ್ದೆ ನಮ್ಮಲ್ಲಿದೆ. ಅದರ 11ನೇ ಸೆಕ್ಷನ್ ಪ್ರಕಾರ ಪ್ರಾಣಿಯನ್ನು ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದು ಅಪರಾಧ. ಯಾವಾಗಲೂ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಯನ್ನು ಓಡಾಡಿಸದೇ ಇರುವುದೂ ಅಪರಾಧವೇ. ಮೊದಲ ಸಲ ಸಿಕ್ಕಿಬಿದ್ದರೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಸರಪಳಿ ಹಾಕಿದ ಮಾವ, ಷಟರ್ ಎಳೆದ ತಮ್ಮ, ದಿನಕ್ಕೆ ಒಂಬತ್ತು ಗಂಟೆ ಫ್ಲ್ಯಾಟಿನಲ್ಲಿ ಬೀಗ ಹಾಕಿ ಆಫೀಸಿಗೆ ಹೋಗುತ್ತಿದ್ದ ನಾನು, ಮೂವರೂ ಸೇರಿ ಹೆಚ್ಚೆಂದರೆ 150 ರೂಪಾಯಿ ಕಟ್ಟಿ ಮನೆಗೆ ಬರಬಹುದಿತ್ತು. ಇಂದಿರಾನಗರದಲ್ಲಿ ಅದಕ್ಕೆ ಒಂದು ಕಾಫಿ ಬರಲ್ಲ.

ಮೂವರಲ್ಲಿ ದೊಡ್ಡ ಅಪರಾಧಿ ಯಾರು ಅಂತ ಕೇಳಿದರೆ ಮಾತ್ರ ಉತ್ತರ ಸುಲಭ. ಅವರಿಬ್ಬರೂ ನಾಯಿ ಕೇಳಿರಲಿಲ್ಲ.

ನಮಗೆ ಊರು ಅಂದರೆ ಏನು ಹೇಳಿ? ಅಟ್ಟ. ಹಳೇ ಫ್ರಿಜ್ಜು ಊರಿಗೆ, ಕಾಲು ಮುರಿದ ಸೋಫಾ ಊರಿಗೆ, ರಜೆಯಲ್ಲಿ ಮಕ್ಕಳು ಊರಿಗೆ, ಬೊಗಳುವ ನಾಯಿ ಊರಿಗೆ. ನಮ್ಮ ಜೀವನದಲ್ಲಿ ಹಿಡಿಸದಿದ್ದೆಲ್ಲ ಅಲ್ಲಿ ಹಿಡಿಸುತ್ತದೆ ಅಂತ ನಂಬಿದ್ದೇವೆ. 2023ರಲ್ಲಿ ಹೊಸ ಹೆದ್ದಾರಿ ಆದಮೇಲೆ ಇನ್ನೂ ಸುಲಭ, ಬೆಳಗ್ಗೆ ಬಿಟ್ಟು ಮಧ್ಯಾಹ್ನದ ಊಟಕ್ಕೆ ವಾಪಸ್. ಊರವರೆಗೆ ಹೋಗುವ ತಾಳ್ಮೆಯೂ ಇಲ್ಲದವರು ದಾರಿಯಲ್ಲೇ ಇಳಿಸುತ್ತಾರೆ. ಮದ್ದೂರಿನ ಆಚೀಚೆ ದಾಬಾಗಳ ಹಿಂದೆ ಕುತ್ತಿಗೆಗೆ ಬಣ್ಣದ ಪಟ್ಟಿ ಇರುವ ಲ್ಯಾಬ್ರಡಾರು ಎಲುಬು ಬಿಟ್ಟುಕೊಂಡು ನಿಂತಿದ್ದನ್ನು ನಾನೇ ಕಂಡಿದ್ದೇನೆ. ಪ್ರತಿ ಕಾರಿನ ಹತ್ತಿರವೂ ಹೋಗಿ ಕಿಟಕಿ ನೋಡುತ್ತಿತ್ತು.

‘ಅಪ್ಪ ಅಮ್ಮನಿಗೂ ಜೊತೆಯಾಗುತ್ತೆ’ ಅನ್ನೋದು ಇನ್ನೊಂದು ಮಾತು. ಅರವತ್ತೈದು ದಾಟಿದ, ಮಂಡಿ ನೋವಿನ ಅಮ್ಮನ ಕೈಗೆ ಮೂವತ್ತು ಕೆಜಿಯ ಗೋಲ್ಡನ್ ರಿಟ್ರೀವರ್ ಹಗ್ಗ ಕೊಟ್ಟು ಬಂದು ಜೊತೆ ಅನ್ನುತ್ತೇವೆ. ಅವರು ನಮಗೆ ಬೇಡ ಅನ್ನಲಾರರು, ಅಷ್ಟೇ ವಿಷಯ. ನಾವು ಕೂತ ಮನೆಯ ಇಎಂಐ ನೋಡಿ, ನಮ್ಮ ಮುಖ ನೋಡಿ, ‘ಇರ್ಲಿ ಬುಡು’ ಅನ್ನುತ್ತಾರೆ. ಆ ‘ಇರ್ಲಿ ಬುಡು’ವನ್ನು ನಾವು ಒಪ್ಪಿಗೆ ಅಂತ ಬರೆದುಕೊಳ್ಳುತ್ತೇವೆ.

ಇದೇ ಮಂಡ್ಯ ಜಿಲ್ಲೆಯ ನಾಯಿಯೊಂದು ಸಾವಿರ ವರ್ಷದ ಹಿಂದೆ ಕಲ್ಲಿನ ಮೇಲೆ ಹೆಸರು ಬರೆಸಿಕೊಂಡಿದೆ. ಮದ್ದೂರು ತಾಲ್ಲೂಕಿನ ಆತಕೂರು ಶಾಸನ, ಕ್ರಿ.ಶ. 949–50ರದ್ದು. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಕಡೆಯಿಂದ ಗಂಗರ ಇಮ್ಮಡಿ ಬೂತುಗ ತಕ್ಕೋಲದಲ್ಲಿ ಚೋಳರ ರಾಜಾದಿತ್ಯನನ್ನು ಕೊಂದ ಯುದ್ಧದ ಕಾಲ. ಬೂತುಗನ ಆಳು ಮಣಲೇರ ಚೆನ್ನಾಗಿ ಹೋರಾಡಿದ. ಏನು ಬೇಕೋ ಕೇಳು ಅಂದಾಗ ಅವನು ಬೇರೇನನ್ನೂ ಕೇಳದೆ ‘ಕಾಳಿ’ ಅನ್ನುವ ನಾಯಿ ಕೇಳಿದ. ಆ ಕಾಳಿ ಮುಂದೆ ಒಂದು ದೊಡ್ಡ ಕಾಡುಹಂದಿಯ ಜೊತೆ ಕಾದಾಡಿ, ಹಂದಿಯೂ ಸತ್ತು ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಗುಡಿಯ ಗೊರವ ಉಣ್ಣಬಾರದು ಅಂತ ಕಟ್ಟು ಮಾಡಿದರು. ಕಲ್ಲಿನ ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಇವತ್ತಿಗೂ ಕಚ್ಚಾಡುತ್ತಿವೆ. ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಬ್ಬನ್ ಪಾರ್ಕಿನಲ್ಲಿ ನಾಯಿ ವಾಕ್ ಮಾಡಿಸುವ ಎಷ್ಟು ಜನ ಆ ಕಟ್ಟಡದ ಪಕ್ಕದಲ್ಲೇ ಓಡಾಡುತ್ತಾರೋ. ಮಂಡ್ಯದಿಂದ ಬೆಂಗಳೂರಿಗೆ ಬಂದ ನಾಯಿ ಅದು. ನಾವು ಕಳಿಸುವವೆಲ್ಲ ಉಲ್ಟಾ ದಿಕ್ಕಿನಲ್ಲಿ.

ಮಣಲೇರ ಆ ನಾಯಿಯನ್ನು ಬಾಯಿಬಿಟ್ಟು ಕೇಳಿ ಪಡೆದ, ಅನ್ನೋದು ನನಗೆ ಮುಖ್ಯ. ಅದರ ಕೆಲಸ ಏನು ಅಂತ ಅವನಿಗೆ ಗೊತ್ತಿತ್ತು. ಹಂದಿಯನ್ನು ಹಿಡಿಯುವ ನಾಯಿ ಪಡೆದು, ಹಂದಿಯನ್ನು ಹಿಡಿಯುತ್ತೆ ಅಂತ ದೂರು ಹೇಳಲಿಲ್ಲ.

ನಾಗಮಂಗಲದಿಂದ ಬೆಲ್ಲಳನ್ನು ಸೀದಾ ಪಾಂಡವಪುರದ ಕಡೆ ನಮ್ಮೂರಿಗೆ ಕರೆದುಕೊಂಡು ಹೋದೆ. ಅವ್ವನಿಗೆ ಕೊಡಲು ಅಲ್ಲ. ಮರಿ ತಂದಾಗಲೇ ಅವ್ವ “ನಾಯಿ ಸಾಕೋ ಮೂತಿ ಅಲ್ಲ ನಿಂದು” ಅಂದಿದ್ದಳು, ಅದಕ್ಕೇ ಮೂರು ಸಲವೂ ಅವಳನ್ನು ಬಿಟ್ಟು ಬೇರೆಯವರನ್ನೇ ಕೇಳಿದ್ದೆ. ಆವತ್ತು ಬೇರೆ ಎಲ್ಲಿಗೆ ಹೋಗಬೇಕೋ ತೋಚಲಿಲ್ಲ, ಹೋದೆ. ಡಾಕ್ಟರು ನೋಡಿ, ಗಂಟಲು ಊದಿದೆ, ಎರಡು ವಾರ ಸುಮ್ಮನಿದ್ದರೆ ಸರಿಹೋಗುತ್ತೆ ಅಂದರು. ರಜೆ ಹಾಕಿ ಉಳಿದೆ.

ಹತ್ತನೇ ದಿನಕ್ಕೆ ಧ್ವನಿ ಬಂತು. ಡೈರಿಗೆ ಹಾಲು ಹಾಕಲು ಹೋಗುವವರ ಕ್ಯಾನು ಸದ್ದಿಗೆ, ಬೆಳಗ್ಗೆ ಆರಕ್ಕೆ. ನಾನು ಅಭ್ಯಾಸಬಲದಿಂದ “ಶ್! ಬೆಲ್ಲಾ!” ಅಂತ ಎದ್ದೆ. ಅವ್ವ ನನ್ನನ್ನು ತಡೆದು, ಬಾಗಿಲವರೆಗೆ ಹೋಗಿ, ಬೀದಿಯನ್ನು ನಿಜವಾಗಿಯೂ ಎರಡೂ ಕಡೆ ನೋಡಿ, “ಆಯ್ತು ಕಣವ್ವಾ, ನೋಡ್ದೆ ಬುಡು. ಹಾಲ್ನೋರು. ಬಾ” ಅಂದಳು. ಬೆಲ್ಲ ಇನ್ನೆರಡು ಸಲ ಗುರ್ ಅಂದು ಬಾಲ ಇಳಿಸಿ ಅವಳ ಹಿಂದೆ ಅಡುಗೆಮನೆಗೆ ಹೋದಳು. ಅಲ್ಲಿ ಒಂದು ಚೂರು ರೊಟ್ಟಿ ಸಿಕ್ಕಿತು.

“ಅದು ಹೇಳ್ತದೆ ಕಣ್ಲಾ, ಯಾರೋ ಬಂದವ್ರೆ ಅಂತ. ನೀನು ನೋಡೂ ಇಲ್ಲ, ಬಾಯ್ ಮುಚ್ಚು ಅಂತೀಯ. ಹೇಳಿದ್ದು ಕೇಳಿಸ್ನಿಲ್ಲ ಅನ್ಕೊಂಡು ಇನ್ನೂ ಜೋರಾಗ್ ಹೇಳ್ತದೆ.”

ಎರಡೇ ವಾರದಲ್ಲಿ ಅವ್ವನಿಗೆ ಬೊಗಳಿನ ಭಾಷೆ ಗೊತ್ತಾಗಿಹೋಗಿತ್ತು. ಒಳಗೆ ರಾಗಿ ಬೀಸುತ್ತಾ ಕೂತು ‘ಇದು ಕೋತಿಗೆ’, ‘ಇದು ಗುರುತಿರೋರಿಗೆ’, ‘ಇದು ಸುಮ್ಕೆ, ಬೇಜಾರಾಗದೆ ಅದ್ಕೆ’ ಅನ್ನುತ್ತಿದ್ದಳು. ನಾನು ಹೊರಗೆ ಹೋಗಿ ನೋಡಿದರೆ ಸರಿಯಾಗಿರುತ್ತಿತ್ತು. ಹಂಗೆರಿಯ ಬುಡಾಪೆಸ್ಟಿನ ವಿಜ್ಞಾನಿಗಳು ಬೇರೆ ಬೇರೆ ಸಂದರ್ಭದಲ್ಲಿ ರೆಕಾರ್ಡ್ ಮಾಡಿದ ಬೊಗಳನ್ನು ಜನರಿಗೆ ಕೇಳಿಸಿ 2005ರಲ್ಲಿ ಇದನ್ನೇ ತೋರಿಸಿದರು. ಅಪರಿಚಿತರು ಬಂದಾಗಿನದ್ದು ಯಾವುದು, ಒಂಟಿಯಾಗಿ ಕಟ್ಟಿಹಾಕಿದಾಗಿನದ್ದು ಯಾವುದು, ಆಟದ್ದು ಯಾವುದು ಅಂತ ಜನ ಸಾಕಷ್ಟು ಸರಿಯಾಗಿ ಗುರುತಿಸಿದರು, ನಾಯಿ ಸಾಕದವರು ಕೂಡ. ನಮ್ಮೂರಿಂದ ಮೇಲುಕೋಟೆ ಬೆಟ್ಟ ಕಾಣುತ್ತದೆ. ಅದರ ಸುತ್ತಲ ಕಾಡನ್ನು 1974ರಲ್ಲಿ ವನ್ಯಜೀವಿ ಧಾಮ ಮಾಡಿದ್ದೇ ತೋಳಗಳಿಗಾಗಿ. ನಾಯಿಯ ಹತ್ತಿರದ ನೆಂಟ ತೋಳ, ಆದರೆ ದೊಡ್ಡ ತೋಳ ಬೊಗಳುವುದು ತೀರಾ ಕಡಿಮೆ. ಮನುಷ್ಯನ ಜೊತೆ ಬಾಳಿ ಬಾಳಿ ನಾಯಿ ಬೆಳೆಸಿಕೊಂಡ ಮಾತು ಇದು. ನಮ್ಮ ಜೊತೆಗೆ ಅಂತಲೇ ಕಲಿತದ್ದನ್ನು ನಮಗೇ ಕೇಳಲು ಪುರುಸೊತ್ತಿಲ್ಲ.

ಇಷ್ಟು ಹೇಳಿದಮೇಲೆ ನೀವು, ‘ಸರಿ, ಅವ್ವನ ಹತ್ತಿರವೇ ಬಿಡಬಹುದಿತ್ತಲ್ಲ’ ಅನ್ನಬಹುದು. ಅವ್ವನೇ ಉತ್ತರ ಕೊಟ್ಟಳು. ಬ್ಯಾಗ್ ಕಟ್ಟುವಾಗ ನಾನು ಸುಮ್ಮನೆ ಬಾಗಿಲಲ್ಲಿ ನಿಂತು ಕಾಲೆಳೆಯುತ್ತಿದ್ದೆ. ಅವಳು ಸಂಕಲೆ ತಂದು ನನ್ನ ಕೈಗೆ ಕೊಟ್ಟು, “ನಿಂದು ಇದು” ಅಂದಳು.

ಬೆಂಗಳೂರಿನಲ್ಲಿ ಈಗ ಮಾಡುತ್ತಿರುವುದರಲ್ಲಿ ಹೊಸದೇನಿಲ್ಲ. ಬೆಳಗ್ಗೆ ಮುಕ್ಕಾಲು ಗಂಟೆ ವಾಕು. ಅದೂ ಅವಳ ಮೂಗು ಎಳೆದ ಕಡೆ, ನನ್ನ ಸ್ಮಾರ್ಟ್‌ವಾಚ್ ಹೇಳಿದ ಕಡೆ ಅಲ್ಲ. ಬಾಲ್ಕನಿ ಗಾಜಿಗೆ ಸೊಂಟದೆತ್ತರದವರೆಗೆ ಮಂಜು ಸ್ಟಿಕ್ಕರ್ ಅಂಟಿಸಿದ್ದೇವೆ, ಕಂಡರೆ ತಾನೇ ಬೊಗಳೋದು. ತಿಂಡಿಯನ್ನು ತಟ್ಟೆಗೆ ಹಾಕದೆ ಹಳೇ ದುಪ್ಪಟಿಯಲ್ಲಿ ಸುತ್ತಿ ಬಚ್ಚಿಡುತ್ತೇವೆ, ಮೂಸಿ ಹುಡುಕಿ ತಿನ್ನುವಷ್ಟರಲ್ಲಿ ಅವಳಿಗೆ ಮೀಟಿಂಗ್ ಮುಗಿಸಿ ಬಂದ ನನ್ನ ಹಾಗೆ ಸುಸ್ತು. ಕಾಲಿಂಗ್ ಬೆಲ್ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಸಣ್ಣದಾಗಿ ಹಾಕಿ ಒಂದು ಕಡಲೆಬೀಜ, ಸ್ವಲ್ಪ ಜೋರಾಗಿ ಹಾಕಿ ಇನ್ನೊಂದು ಕಡಲೆಬೀಜ, ಹೀಗೆ ಎರಡು ತಿಂಗಳು. ಆಫೀಸಿಗೆ ಹೋಗುವ ಮೂರು ದಿನ ಹಿಂದಿನ ಬೀದಿಯ ರಿಟೈರಾದ ಮೇಷ್ಟರೊಬ್ಬರ ಮನೆಯಲ್ಲಿ ದುಡ್ಡು ಕೊಟ್ಟು ಬಿಡುತ್ತೇವೆ. ಅವರೇ ಕೇಳಿದ್ದು, ನಾವು ತಲೆಗೆ ಕಟ್ಟಿದ್ದಲ್ಲ. ಮತ್ತೆ ಪ್ರತಿ ಸಲ, ಹೌದು, ಪ್ರತಿ ಸಲ ಎದ್ದು ಹೋಗಿ ನೋಡುತ್ತೇನೆ. ಮೀಟಿಂಗಿನಲ್ಲಿ ಮ್ಯೂಟ್ ಒತ್ತಿ ಎದ್ದು ಹೋಗುತ್ತೇನೆ. ಮ್ಯಾನೇಜರಿಗೆ ಈಗ ಅಭ್ಯಾಸ.

ಇಷ್ಟೆಲ್ಲ ಆದಮೇಲೂ ಬೊಗಳುತ್ತಾಳೆ. ಪಂಚೆಗೆ ಬಿಟ್ಟಿದ್ದಾಳೆ, ಕುಕ್ಕರಿಗೆ ಬಿಟ್ಟಿಲ್ಲ. ಇದೆಲ್ಲ ಮಾಡಲು ಆಗಲ್ಲ ಅನ್ನುವವರು ಇರುತ್ತಾರೆ. ನಿಜ, ಎಷ್ಟೋ ಜನರಿಗೆ ಆಗಲ್ಲ. ಅವರು ಮರಿ ತರಬೇಡಿ. ತಂದಾಗಿದ್ದರೆ, ಬೊಗಳುವ ನಾಯಿ ಅಂತ ಗೊತ್ತಿದ್ದೂ ಬೇಕು ಅನ್ನುವವರನ್ನು ಹುಡುಕಿ ಕೊಡಿ, ತಿಂಗಳಿಗೊಮ್ಮೆ ಹೋಗಿ ಸರಪಳಿ ಎಷ್ಟುದ್ದ ಇದೆ ನೋಡಿ. ಬೇಡ ಅನ್ನಲಾರದವರ ಅಂಗಳದಲ್ಲಿ ಇಳಿಸಿ ಬರಬೇಡಿ.

ನರ್ಸಿಗೆ ಆಮೇಲೆ ಹೋಗಿ ಕ್ಷಮೆ ಕೇಳಿದೆ. ಮಾರ್ಗಸೂಚಿಯ ಕತ್ತರಿಸಿದ ಅರ್ಧವನ್ನೂ ಗ್ರೂಪಿನಲ್ಲಿ ಹಾಕಿದೆ, ಈ ಸಲ ಹೃದಯ ಯಾರೂ ಒತ್ತಲಿಲ್ಲ. ಅವರು ಹೆಚ್ಚೇನೂ ಮಾತಾಡಲಿಲ್ಲ. ಮಾರನೇ ದಿನ ತಮ್ಮ ಡ್ಯೂಟಿ ಪಟ್ಟಿಯ ಫೋಟೋ ಕಳಿಸಿದರು. ಅದನ್ನು ಪ್ರಿಂಟ್ ತೆಗೆದು ಫ್ರಿಜ್ಜಿಗೆ ಅಂಟಿಸಿದ್ದೇವೆ, ನೈಟ್ ಶಿಫ್ಟಿನ ದಿನಗಳಿಗೆ ಕೆಂಪು ಗುರುತು. ಮುಂದಿನ ವಾರ ನಾಲ್ಕು ದಿನ ಕೆಂಪಿದೆ. ಮೇಷ್ಟರು ಬುಧವಾರ ಊರಿಗೆ ಹೋಗುತ್ತಾರಂತೆ. ಆವತ್ತಿಗೆ ನಾನು ರಜೆ ಹಾಕಿದ್ದೇನೆ.